ಮೂರನೆಯ ದಶಮಾಂಶ

ಬೆಳಗ್ಗೆ ಹಳ್ಳಿಯ ಹಾಲು ಉತ್ಪಾದಕರ ಸಂಘದ ಬಾಗಿಲು ತೆರೆಯುವ ಹೊತ್ತಿಗೆ ಕ್ಯಾನುಗಳ ಸಾಲು ಬೆಳೆದಿರುತ್ತದೆ. ಆಗಷ್ಟೇ ಕರೆದ ಹಾಲು ಇನ್ನೂ ಬೆಚ್ಚಗಿರುತ್ತದೆ. ಪರೀಕ್ಷಕರು ಹಾಲನ್ನು ಚೆನ್ನಾಗಿ ಕಲಕಿ, ಉದ್ದನೆಯ ಜಾಡಿಗೆ ಅಂಚಿನವರೆಗೆ ಸುರಿದು, ಮೇಲಿನ ನೊರೆ ತೆಗೆದು, ಲ್ಯಾಕ್ಟೋಮೀಟರನ್ನು ಮೆಲ್ಲಗೆ ಇಳಿಬಿಡುತ್ತಾರೆ. ಕೆಳಗೆ ಸೀಸದ ಗುಂಡು ತುಂಬಿದ ಗಾಜಿನ ಬುರುಡೆ, ಮೇಲೆ ಗುರುತುಗಳಿರುವ ಸಪೂರ ಕಡ್ಡಿ, ಇಷ್ಟೇ ಆ ಸಾಧನ. ಅದು ನಾಲ್ಕಾರು ಬಾರಿ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ. ಹಾಲಿನ ಮಟ್ಟಕ್ಕೆ ಸರಿಯಾಗಿ ಕಡ್ಡಿಯ ಮೇಲೆ ಕಾಣುವ ಅಂಕಿ 28 ಎಂದಿಟ್ಟುಕೊಳ್ಳಿ. ಹಾಗೆಂದರೆ ಆ ಹಾಲಿನ ಸಾಂದ್ರತೆ 1.028. ಒಂದು ಲೀಟರಿನ ತೂಕ 1028 ಗ್ರಾಂ. ಹಸುವಿನ ಒಳ್ಳೆಯ ಹಾಲು ಸಾಮಾನ್ಯವಾಗಿ 28ರಿಂದ 32ರ ನಡುವೆ ನಿಲ್ಲುತ್ತದೆ. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ. 30 ಇದ್ದ ಹಾಲಿಗೆ ಹತ್ತರಲ್ಲಿ ಒಂದು ಪಾಲು ನೀರು ಸೇರಿದರೆ ಅದು 27ಕ್ಕೆ ಬಂದು ನಿಲ್ಲುತ್ತದೆ.

ಎಲ್ಲ ಲೆಕ್ಕವೂ ದಶಮಾಂಶದ ಮೂರನೆಯ ಸ್ಥಾನದಲ್ಲಿ ನಡೆಯುತ್ತಿದೆ ಎಂಬುದನ್ನು ಗಮನಿಸಬೇಕು. 1.030ಕ್ಕೂ 1.027ಕ್ಕೂ ಇರುವ ಅಂತರ ನಾಲಿಗೆಗೆ ತಿಳಿಯುವಂಥದ್ದಲ್ಲ, ಕಣ್ಣಿಗೆ ಕಾಣುವಂಥದ್ದೂ ಅಲ್ಲ. ಆದರೆ ಆ ಅಂತರದ ಮೇಲೆ ಒಂದು ಮನೆಯ ಸಂಪಾದನೆ ನಿಂತಿದೆ, ಅದಕ್ಕಿಂತ ಹೆಚ್ಚಾಗಿ ಒಬ್ಬರ ಪ್ರಾಮಾಣಿಕತೆ ನಿಂತಿದೆ. ಹೀಗಿರುವಾಗ ಆ ಮೂರನೆಯ ಅಂಕಿಯನ್ನು ನೀರಷ್ಟೇ ಅಲ್ಲ, ಬರಿಯ ಬಿಸಿಯೂ ಬದಲಿಸಬಲ್ಲದು ಎಂಬುದು ಸಣ್ಣ ಸಂಗತಿಯಲ್ಲ.

ಐಎಸ್‌ಐ ಗುರುತಿನ ಲ್ಯಾಕ್ಟೋಮೀಟರಿನ ಅಂಕಿಗಳನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಹಾಲಿಗೆ ಹೊಂದಿಸಿ ಗುರುತಿಸಿರುತ್ತಾರೆ. ಕೊಟ್ಟಿಗೆಯಿಂದ ನೇರವಾಗಿ ಬಂದ ಹಾಲು 33 ಡಿಗ್ರಿ ಇರಬಹುದು. ಬೆಚ್ಚಗಿನ ಹಾಲು ಹಿಗ್ಗಿರುತ್ತದೆ, ಅಷ್ಟರ ಮಟ್ಟಿಗೆ ಸಾಂದ್ರತೆ ತಗ್ಗಿರುತ್ತದೆ, ಲ್ಯಾಕ್ಟೋಮೀಟರು ತುಸು ಹೆಚ್ಚು ಮುಳುಗುತ್ತದೆ. ಪ್ರತಿ ಡಿಗ್ರಿಗೆ ಸುಮಾರು 0.2ರಂತೆ 6 ಡಿಗ್ರಿಗೆ 1.2 ಅಂಕ ಕಡಿಮೆ ಕಾಣುತ್ತದೆ. ನೀರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಹನಿಯನ್ನೂ ಬೆರೆಸದ ಹಾಲು ನೂರಕ್ಕೆ 4 ಪಾಲು ನೀರು ಬೆರೆಸಿದ ಹಾಲಿನಂತೆ ತೋರುತ್ತದೆ. ಆದ್ದರಿಂದಲೇ ನಿಯಮ ಬಲ್ಲ ಪರೀಕ್ಷಕರು ಅದೇ ಜಾಡಿಗೆ ಥರ್ಮಾಮೀಟರನ್ನೂ ಇಳಿಸಿ, ಕಂಡ ಅಂಕಿಗೆ 1.2 ಕೂಡಿಸಿ ಬರೆಯುತ್ತಾರೆ. ಹೀಗೆ ಸರಿಪಡಿಸಿದ ಅಂಕಿಗೆ ಡೇರಿಯವರು ಸಿಎಲ್ಆರ್ ಎನ್ನುತ್ತಾರೆ. ಅದರಿಂದಲೂ ಜಿಡ್ಡಿನ ಪ್ರಮಾಣದಿಂದಲೂ ಹಾಲಿನಲ್ಲಿ ಜಿಡ್ಡು ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್ ಲೆಕ್ಕ ಹಾಕುತ್ತಾರೆ, ಎಸ್‌ಎನ್‌ಎಫ್‌ನಿಂದ ಹಾಗೂ ಜಿಡ್ಡಿನಿಂದ ದರ ತೀರ್ಮಾನವಾಗುತ್ತದೆ. ಥರ್ಮಾಮೀಟರು ಒಡೆದಿದೆ ಎಂದು ಕಂಡ ಅಂಕಿಯನ್ನೇ ಬರೆದುಬಿಟ್ಟರೆ ಸಂಘಕ್ಕೆ ಹತ್ತಿರವಿರುವ, ಹಾಲು ಆರುವ ಮೊದಲೇ ತಂದವರಿಗೇ ಹೆಚ್ಚು ನಷ್ಟ. ತಣ್ಣಗಾದ ಹಾಲಿನಲ್ಲಿ ಇದೇ ತಪ್ಪು ತಿರುಗುಮುರುಗಾಗಿ, ಬೆರೆಸಿದ ನೀರನ್ನು ಮರೆಮಾಚುತ್ತದೆ. ಈಗ ಬಹಳಷ್ಟು ಸಂಘಗಳಲ್ಲಿ ವಿದ್ಯುನ್ಮಾನ ವಿಶ್ಲೇಷಕ ಯಂತ್ರಗಳು ಬಂದಿವೆ. ಅವುಗಳಲ್ಲೂ ಉಷ್ಣತೆಯನ್ನು ಅಳೆಯುವ ಭಾಗ ಇರಲೇಬೇಕು, ಅದಿಲ್ಲದೆ ಯಂತ್ರದ ಅಂಕಿಗೂ ಅರ್ಥವಿಲ್ಲ.

ಹಾಲಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕರೆದ ಹಾಲನ್ನು ತಣ್ಣಗೆ ಮಾಡಿ ಕೆಲವು ತಾಸು ಇಟ್ಟು, ಆಮೇಲೆ ಮತ್ತೆ ಅದೇ ಉಷ್ಣತೆಗೆ ತಂದು ಅಳೆದರೂ ಸಾಂದ್ರತೆ ಮೊದಲಿಗಿಂತ ತುಸು ಏರಿರುತ್ತದೆ, ಹೆಚ್ಚೆಂದರೆ ಒಂದು ಅಂಕದಷ್ಟು. ಇದಕ್ಕೆ ರೆಕ್ನಾಗೆಲ್ ಪರಿಣಾಮ ಎಂದು ಹೆಸರು. ಹಾಲಿನ ಜಿಡ್ಡು ತಣಿದ ಕೂಡಲೇ ಗಟ್ಟಿಯಾಗುವುದಿಲ್ಲ, ಗಂಟೆಗಟ್ಟಲೆ ಹೊತ್ತು ತೆಗೆದುಕೊಂಡು ಗಟ್ಟಿಯಾಗುತ್ತ ಕುಗ್ಗುತ್ತದೆ ಎಂಬುದು ಇದರ ಒಂದು ಕಾರಣ. ಅಂದರೆ ಹಾಲಿಗೆ ಈಗಿನ ಉಷ್ಣತೆ ಮಾತ್ರವಲ್ಲ, ಹಿಂದಿನ ಉಷ್ಣತೆಯ ನೆನಪೂ ಇದೆ.

ಸಾಂದ್ರತೆ ಎಂದರೆ ಇಷ್ಟು ಗಾತ್ರದಲ್ಲಿ ಎಷ್ಟು ದ್ರವ್ಯರಾಶಿ ಎಂಬ ಲೆಕ್ಕ. ಕಾಯಿಸಿದಾಗ ದ್ರವ್ಯರಾಶಿ ಬದಲಾಗುವುದಿಲ್ಲ, ಗಾತ್ರ ಬದಲಾಗುತ್ತದೆ. (ಐನ್‌ಸ್ಟೈನರ ಸೂತ್ರದ ಪ್ರಕಾರ ದ್ರವ್ಯರಾಶಿಯೂ ಬದಲಾಗುತ್ತದೆ. ಒಂದು ಕಿಲೋ ನೀರನ್ನು 0ಯಿಂದ 100 ಡಿಗ್ರಿಗೆ ಕಾಯಿಸಿದರೆ ಕೂಡುವುದು ಕಿಲೋಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ 5 ಪಾಲಿಗಿಂತ ಕಡಿಮೆ. ಅದನ್ನು ತೂಗಿ ತೋರಿಸುವ ತಕ್ಕಡಿ ಇಲ್ಲ.) ಗಾತ್ರವೇಕೆ ಹೆಚ್ಚುತ್ತದೆ? ಕಾದಾಗ ಅಣುಗಳು ಜೋರಾಗಿ ಕಂಪಿಸುತ್ತವೆ, ಅದಕ್ಕೇ ಹಿಗ್ಗುತ್ತದೆ ಎಂದು ಪಠ್ಯಪುಸ್ತಕಗಳು ಹೇಳಿ ಮುಗಿಸಿಬಿಡುತ್ತವೆ. ಅಷ್ಟು ಸಾಲದು. ಕಂಪನ ಎಷ್ಟೇ ಜೋರಾದರೂ ಅಣುವೊಂದು ತನ್ನ ನೆಲೆಯಿಂದ ಅತ್ತಿತ್ತ ಒಂದೇ ಸಮನಾಗಿ ಸರಿದಾಡಿದರೆ ಸರಾಸರಿ ಅಂತರ ಹೆಚ್ಚಬೇಕಾದ ಕಾರಣವೇ ಇಲ್ಲ. ಗುಟ್ಟಿರುವುದು ಅಣುಗಳ ನಡುವಿನ ಬಲದ ಅಸಮತೆಯಲ್ಲಿ. ಎರಡು ಅಣುಗಳು ತೀರ ಹತ್ತಿರ ಬಂದರೆ ಒಂದನ್ನೊಂದು ಬಲವಾಗಿ ದೂಡುತ್ತವೆ. ದೂರ ಸರಿದಾಗ ಸೆಳೆತ ಅಷ್ಟು ಬಿಗಿಯಾಗಿರುವುದಿಲ್ಲ. ಹಾಗಾಗಿ ಕಂಪನ ಹೆಚ್ಚಿದಂತೆ ಒಳಗೆ ಸರಿಯುವುದಕ್ಕಿಂತ ಹೊರಗೆ ಸರಿಯುವುದೇ ಹೆಚ್ಚಾಗುತ್ತದೆ. ಸರಾಸರಿ ಅಂತರ ಬೆಳೆಯುತ್ತದೆ, ವಸ್ತು ಹಿಗ್ಗುತ್ತದೆ.

ಹಿಡಿತ ಎಷ್ಟು ಬಿಗಿಯೋ ಹಿಗ್ಗುವಿಕೆ ಅಷ್ಟು ಕಡಿಮೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಕಬ್ಬಿಣದ ಗಾತ್ರ ಸುಮಾರು ನೂರಕ್ಕೆ 0.0036ರಷ್ಟು ಹೆಚ್ಚುತ್ತದೆ. ನಮ್ಮ ಕೊಠಡಿಯ ಉಷ್ಣತೆಯಲ್ಲಿರುವ ನೀರು ನೂರಕ್ಕೆ 0.03ರಷ್ಟು, ಪೆಟ್ರೋಲು 0.1ಕ್ಕೆ ತುಸು ಹೆಚ್ಚು, ಗಾಳಿ ಸುಮಾರು 0.33ರಷ್ಟು ಹಿಗ್ಗುತ್ತವೆ. ಕಬ್ಬಿಣಕ್ಕೂ ಗಾಳಿಗೂ ಹೆಚ್ಚುಕಡಿಮೆ ನೂರು ಪಟ್ಟಿನ ಅಂತರ.

ಪೆಟ್ರೋಲಿನ ಈ ಗುಣ ನಿತ್ಯ ವ್ಯವಹಾರಕ್ಕೆ ಬರುವುದು ಬಂಕಿನಲ್ಲಿ. ಆ ದಿನದ ಸಾಂದ್ರತೆಯನ್ನು ಬಂಕಿನಲ್ಲಿ ಬರೆದು ಹಾಕಿರಬೇಕು, ಗ್ರಾಹಕರು ಕೇಳಿದರೆ ಪರೀಕ್ಷಿಸಿ ತೋರಿಸಬೇಕು. 500 ಮಿಲಿಲೀಟರಿನ ಜಾಡಿ, ಹೈಡ್ರೋಮೀಟರು, ಥರ್ಮಾಮೀಟರು, ಒಂದು ಪರಿವರ್ತನಾ ಕೋಷ್ಟಕ ಇದ್ದರೆ ಐದು ನಿಮಿಷದ ಕೆಲಸ. ನೋಜಲಿನಿಂದ ಬಂದ ಪೆಟ್ರೋಲು 32 ಡಿಗ್ರಿ ಇದ್ದು ಹೈಡ್ರೋಮೀಟರು 733 ತೋರಿಸಿತು ಎನ್ನೋಣ, ಅಂದರೆ ಒಂದು ಘನಮೀಟರಿಗೆ 733 ಕಿಲೋ. ಕೋಷ್ಟಕದಲ್ಲಿ 32 ಡಿಗ್ರಿಯ ಸಾಲಿಗೆ ಹೋಗಿ ನೋಡಿದರೆ 15 ಡಿಗ್ರಿಯಲ್ಲಿ ಅದೇ ಪೆಟ್ರೋಲಿನ ಸಾಂದ್ರತೆ ಸುಮಾರು 748 ಎಂದು ಸಿಗುತ್ತದೆ. ಹೋಲಿಸಬೇಕಾದದ್ದು ಈ 748ನ್ನು. ಟ್ಯಾಂಕರಿನಿಂದ ಇಳಿಸಿಕೊಂಡಾಗ ದಾಖಲಿಸಿದ 15 ಡಿಗ್ರಿಯ ಅಂಕಿಗೂ ಇದಕ್ಕೂ 3ಕ್ಕಿಂತ ಹೆಚ್ಚಿನ ವ್ಯತ್ಯಾಸ ಬಂದರೆ ಅನುಮಾನಕ್ಕೆ ಎಡೆಯಿದೆ. ಇಲ್ಲೂ ಬೇಕಾದದ್ದು ಮೂರನೆಯ ದಶಮಾಂಶವೇ. ಕೋಷ್ಟಕ ನೋಡದೆ 733ನ್ನೂ 748ನ್ನೂ ಅಕ್ಕಪಕ್ಕ ಇಟ್ಟು ಬಂಕಿನವರೊಡನೆ ಜಗಳಕ್ಕೆ ನಿಂತರೆ ನ್ಯಾಯ ನಮ್ಮ ಕಡೆ ಇರುವುದಿಲ್ಲ.

ಬೆಳಗಿನ ಜಾವದಲ್ಲಿ ತುಂಬಿಸಿದರೆ ಪೆಟ್ರೋಲು ಹೆಚ್ಚು ಸಿಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ತರ್ಕ ಸರಿಯಾಗಿಯೇ ಇದೆ: ತಂಪಾದ ಪೆಟ್ರೋಲು ದಟ್ಟವಾಗಿರುತ್ತದೆ, ಅದೇ ಲೀಟರಿನಲ್ಲಿ ಹೆಚ್ಚು ದ್ರವ್ಯರಾಶಿ ಇರುತ್ತದೆ, ಎಂಜಿನ್ನಿಗೆ ಶಕ್ತಿ ಸಿಗುವುದು ದ್ರವ್ಯರಾಶಿಯಿಂದ. ಆದರೆ ಬಂಕಿನ ತೊಟ್ಟಿ ನೆಲದಡಿಯಲ್ಲಿದೆ. ಹಗಲು ರಾತ್ರಿಯ ಏರಿಳಿತ ಅಷ್ಟು ಆಳಕ್ಕೆ ಇಳಿಯುವುದು ಬಹಳ ಕಡಿಮೆ. 3 ಡಿಗ್ರಿ ವ್ಯತ್ಯಾಸ ಬಂತೆಂದೇ ಇಟ್ಟುಕೊಂಡರೂ 5 ಲೀಟರಿಗೆ ಆಗುವ ಲಾಭ 20 ಮಿಲಿಲೀಟರಿಗಿಂತ ಕಡಿಮೆ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನಿಜಕ್ಕೂ ನೆನಪಿಡಬೇಕಾದದ್ದು ಬೇಸಿಗೆಯಲ್ಲಿ ಬೈಕಿನ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಬಾರದು ಎಂಬುದನ್ನು. 28 ಡಿಗ್ರಿಯ 12 ಲೀಟರ್ ಪೆಟ್ರೋಲು ಬಿಸಿಲಿನಲ್ಲಿ ನಿಂತು 45 ಡಿಗ್ರಿಗೆ ಕಾದರೆ 200 ಮಿಲಿಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಅದು ಹೊರಗೆ ಬಂದೇ ಬರುತ್ತದೆ.

ಗಾಳಿಯ ಕಥೆ ಬೇರೆಯೇ ಮಟ್ಟದ್ದು. ಅಲ್ಲಿ ಮೂರನೆಯ ದಶಮಾಂಶ ಹುಡುಕಬೇಕಾಗಿಲ್ಲ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಘನಮೀಟರ್ ಗಾಳಿ 1.2 ಕಿಲೋ ತೂಗುತ್ತದೆ. 100 ಡಿಗ್ರಿಗೆ ಕಾಯಿಸಿದರೆ 0.95 ಕಿಲೋಗೆ ಇಳಿಯುತ್ತದೆ. ಫ್ರಾನ್ಸಿನ ಆನೊನೇ ಊರಿನ ಕಾಗದ ತಯಾರಕರಾದ ಮಾಂಟ್‌ಗಾಲ್ಫಿಯೇ ಸಹೋದರರು 1783ರ ಜೂನ್ 4ರಂದು ಬಟ್ಟೆಗೆ ಕಾಗದದ ಒಳಪದರ ಹಾಕಿ ಮಾಡಿದ ಬಲೂನನ್ನು ಜನರೆದುರು ಹಾರಿಸಿದಾಗ ಈ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಹೊಗೆಯಲ್ಲೇ ಮೇಲೇರಿಸುವ ವಿಶೇಷ ಗುಣವಿದೆ ಎಂದು ಅವರು ನಂಬಿದ್ದರು. ಅದಕ್ಕೇ ಹುಲ್ಲಿನ ಜೊತೆ ಉಣ್ಣೆಯನ್ನೂ ಉರಿಸಿ ದಟ್ಟ ಹೊಗೆ ಎಬ್ಬಿಸುತ್ತಿದ್ದರು. ಸೆಪ್ಟೆಂಬರ್ 19ರಂದು ವರ್ಸೇಯ ಅರಮನೆಯ ಮುಂದೆ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಆಕಾಶಕ್ಕೇರಿ ಇಳಿದವು. ನವೆಂಬರ್ 21ರಂದು ಪಿಲಾತ್ರ್ ದ ರೋಜಿಯೇ ಮತ್ತು ಮಾರ್ಕ್ವಿಸ್ ದಾರ್ಲಾಂದ್ ಪ್ಯಾರಿಸ್ಸಿನ ಮೇಲೆ ಸುಮಾರು 25 ನಿಮಿಷ ತೇಲಿದರು. ತಪ್ಪು ಕಾರಣ ನಂಬಿಕೊಂಡು ಸರಿಯಾದ ಕೆಲಸ ಮಾಡಿದ ಉದಾಹರಣೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಸರಿಯಾದ ಕಾರಣ ನಿಧಾನವಾಗಿ ಬಂತು. ಅದೇ ವರ್ಷ ಡಿಸೆಂಬರ್ 1ರಂದು ಹೈಡ್ರೋಜನ್ ಬಲೂನಿನಲ್ಲಿ ಹಾರಿದ ಜಾಕ್ ಷಾರ್ಲ್ 1787ರ ಸುಮಾರಿಗೆ ಬೇರೆ ಬೇರೆ ಅನಿಲಗಳನ್ನು ಕಾಯಿಸಿ ನೋಡಿದರು. ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತಿದ್ದವು. ಅದನ್ನು ಅವರು ಪ್ರಕಟಿಸಲಿಲ್ಲ. 1802ರಲ್ಲಿ ಗೇ-ಲ್ಯೂಸಾಕ್ ತಮ್ಮದೇ ಪ್ರಯೋಗಗಳಿಂದ ಅದೇ ನಿಯಮವನ್ನು ಕಂಡುಕೊಂಡು ಪ್ರಕಟಿಸಿ, ಮೊದಲು ಕಂಡವರು ಷಾರ್ಲ್ ಎಂದು ಗೌರವದಿಂದ ಬರೆದರು. ಒತ್ತಡ ಬದಲಾಗದಿದ್ದರೆ ಉಷ್ಣತೆ ಒಂದು ಡಿಗ್ರಿ ಏರಿದಂತೆ ಯಾವ ಅನಿಲವಾದರೂ 0 ಡಿಗ್ರಿಯಲ್ಲಿದ್ದ ತನ್ನ ಗಾತ್ರದ 273ರಲ್ಲಿ ಒಂದು ಪಾಲು ಹಿಗ್ಗುತ್ತದೆ. ದ್ರವಗಳೂ ಘನಗಳೂ ಒಂದೊಂದೂ ಒಂದೊಂದು ರೀತಿ ಹಿಗ್ಗುವಾಗ ಅನಿಲಗಳೆಲ್ಲ ಒಂದೇ ರೀತಿ ಹಿಗ್ಗಲು ಕಾರಣವೂ ಸ್ಪಷ್ಟ: ಅನಿಲದಲ್ಲಿ ಅಣುಗಳು ಎಷ್ಟು ದೂರ ಇರುತ್ತವೆಂದರೆ ಅವುಗಳ ನಡುವಿನ ಹಿಡಿತ ಲೆಕ್ಕಕ್ಕೇ ಬರುವುದಿಲ್ಲ. 2200 ಘನಮೀಟರಿನ ಈಗಿನ ಒಂದು ಬಲೂನಿನೊಳಗಿನ ಗಾಳಿಯನ್ನು 100 ಡಿಗ್ರಿಗೆ ಕಾಯಿಸಿದರೆ ಸುಮಾರು 570 ಕಿಲೋ ಹೊರುವ ಶಕ್ತಿ ಹುಟ್ಟುತ್ತದೆ. ಬಟ್ಟೆ, ಬುಟ್ಟಿ, ಒಲೆ, ಅನಿಲದ ಸಿಲಿಂಡರು, ಮೂರು ನಾಲ್ಕು ಜನ ಎಲ್ಲರೂ ಅದರೊಳಗೇ ಸೇರಬೇಕು.

ಬಲೂನನ್ನು ಎತ್ತುವ ಇದೇ ಗುಣ ವಿಮಾನಕ್ಕೆ ತೊಡಕು. ರೆಕ್ಕೆಗೆ ಆಧಾರ ಸಿಗಬೇಕಾದರೆ ಗಾಳಿ ದಟ್ಟವಾಗಿರಬೇಕು. 2017ರ ಜೂನ್ 20ರಂದು ಅಮೆರಿಕದ ಫೀನಿಕ್ಸ್‌ನಲ್ಲಿ ಬಿಸಿಲು 48 ಡಿಗ್ರಿ ಮುಟ್ಟಿದಾಗ ಹತ್ತಾರು ಸಣ್ಣ ವಿಮಾನಗಳ ಹಾರಾಟ ರದ್ದಾಯಿತು, ಏಕೆಂದರೆ ಆ ಮಾದರಿಗೆ ನಿಗದಿಯಾಗಿದ್ದ ಉಷ್ಣತೆಯ ಮಿತಿಯೇ ಸುಮಾರು 48 ಡಿಗ್ರಿ. ನಮ್ಮ ಲೇಹ್ ನಿಲ್ದಾಣ 3256 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಸಮುದ್ರಮಟ್ಟದ ಗಾಳಿಯ ಮೂರನೇ ಎರಡರಷ್ಟು ಮಾತ್ರ ದಟ್ಟ. 0 ಡಿಗ್ರಿಯಿಂದ 25 ಡಿಗ್ರಿಗೆ ಏರಿದರೆ ಉಳಿದದ್ದರಲ್ಲೂ ನೂರಕ್ಕೆ 8ರಷ್ಟು ಕರಗಿಹೋಗುತ್ತದೆ. ಪ್ರಯಾಣಿಕರ ವಿಮಾನಗಳು ಅಲ್ಲಿಗೆ ಹೆಚ್ಚಾಗಿ ಬೆಳಗಿನ ಹೊತ್ತೇ ಹೋಗಿ ಬರಲು ಮಧ್ಯಾಹ್ನದ ಬಿರುಗಾಳಿಯ ಜೊತೆಗೆ ಇದೂ ಕಾರಣ. ಇನ್ನು ಕರಾವಳಿಯವರಿಗೆ ಬಿಸಿ ಗಾಳಿ ಹಗುರ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಗಲು ಕಾದ ನೆಲದ ಮೇಲಿನ ಗಾಳಿ ಏರಿದಾಗ ಆ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ, ಇರುಳಿನಲ್ಲಿ ನೆಲ ಬೇಗ ತಣಿದು ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ. ಮುಂಗಾರು ಮಾರುತಕ್ಕೂ ನೆಲದ ಕಾವೇ ಮೂಲವೆಂದು ಎಡ್ಮಂಡ್ ಹ್ಯಾಲಿ 1686ರಲ್ಲೇ ವಾದಿಸಿದ್ದರು. ಮುಂಗಾರಿನ ಪೂರ್ತಿ ಕಥೆ ಅದಕ್ಕಿಂತ ಜಟಿಲವೆಂದು ಈಗ ಗೊತ್ತು, ಆದರೂ ಅದರ ತಳಹದಿಯಲ್ಲಿ ಆ ಕಾವು ಇದ್ದೇ ಇದೆ.

ಇಷ್ಟು ಹೊತ್ತೂ ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ ಎಂದು ಹೇಳುತ್ತ ಬಂದೆ. ನೀರು ಒಂದು ಸಣ್ಣ ಹರವಿನಲ್ಲಿ ಈ ನಿಯಮವನ್ನು ಪಾಲಿಸುವುದಿಲ್ಲ. 10 ಡಿಗ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರು 999.70 ಗ್ರಾಂ ತೂಗುತ್ತದೆ. 4 ಡಿಗ್ರಿಯಲ್ಲಿ 999.97 ಗ್ರಾಂ. ಇನ್ನೂ ತಣಿಸಿ 0 ಡಿಗ್ರಿಗೆ ತಂದರೆ 999.84 ಗ್ರಾಂ. ಅಂದರೆ 0ಯಿಂದ 4 ಡಿಗ್ರಿಯವರೆಗೆ ಕಾಯಿಸಿದರೆ ನೀರು ಕುಗ್ಗುತ್ತದೆ! ಅಂತರ ಲೀಟರಿಗೆ 0.13 ಗ್ರಾಂ. ದಶಮಾಂಶದ ನಾಲ್ಕನೆಯ ಸ್ಥಾನದ ವಿಷಯ.

ಇಷ್ಟು ಸಣ್ಣ ಅಂತರವನ್ನು ನಂಬುವಂತೆ ತೋರಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದೂವರೆ ಶತಮಾನದ ಇತಿಹಾಸವೇ ಇದೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಫ್ಲಾರೆನ್ಸಿನ ಅಕಾದೆಮಿಯಾ ದೆಲ್ ಚಿಮೆಂತೋ ಎಂಬ ವಿದ್ವಾಂಸರ ಕೂಟ ಇದನ್ನು ಗಮನಿಸಿತ್ತು. ಉದ್ದ ಕತ್ತಿನ ಗಾಜಿನ ಬುರುಡೆಯಲ್ಲಿ ನೀರು ತುಂಬಿ ಮಂಜಿನಲ್ಲಿಟ್ಟರೆ ಕತ್ತಿನೊಳಗಿನ ಮಟ್ಟ ಮೊದಲು ಇಳಿದು, ಒಂದು ಹಂತದ ನಂತರ ಮತ್ತೆ ಏರುತ್ತಿತ್ತು. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದೇ ಸಂಗತಿ ಚರ್ಚೆಗೆ ಬಂದಾಗ ರಾಬರ್ಟ್ ಹುಕ್ ಒಪ್ಪಲಿಲ್ಲ. ನೀರು ಹಿಗ್ಗುತ್ತಿಲ್ಲ, ತಣಿದ ಗಾಜು ಕುಗ್ಗಿ ನೀರನ್ನು ಮೇಲಕ್ಕೆ ಒತ್ತುತ್ತಿದೆ ಎಂಬುದು ಅವರ ವಾದ. ಸುಮ್ಮನೆ ತಳ್ಳಿಹಾಕುವಂಥ ವಾದವಲ್ಲ ಅದು. ಪಾತ್ರೆಯೂ ಹಿಗ್ಗಿ ಕುಗ್ಗುತ್ತದೆ ಎಂಬುದು ನಿಜ. ನೀರಿನ ಮಟ್ಟವನ್ನು ಪಾತ್ರೆಯ ಗುರುತಿನಿಂದಲೇ ಅಳೆಯುತ್ತಿರುವಾಗ ನೀರಿನ ಪಾಲೆಷ್ಟು, ಪಾತ್ರೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಬೇರೆ ಬೇರೆ ಪಾತ್ರೆಯಲ್ಲಿ ಆ ತಿರುವು ಬೇರೆ ಬೇರೆ ಉಷ್ಣತೆಯಲ್ಲಿ ಕಾಣಿಸುವುದೂ ಇದಕ್ಕಾಗಿಯೇ.

ಈ ಗಂಟನ್ನು ಬಿಡಿಸಿದವರು ಎಡಿನ್‌ಬರೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಚಾರ್ಲ್ಸ್ ಹೋಪ್. 1805ರಲ್ಲಿ ಪ್ರಕಟವಾದ ಅವರ ಪ್ರಯೋಗದ ಜಾಣ್ಮೆ ಇರುವುದು ಗಾತ್ರವನ್ನು ಅಳೆಯುವ ಗೊಡವೆಗೇ ಹೋಗದಿರುವುದರಲ್ಲಿ. ದಟ್ಟವಾದ ನೀರು ತಳಕ್ಕೆ ಇಳಿಯುತ್ತದೆ, ಹಗುರಾದದ್ದು ಮೇಲೇರುತ್ತದೆ. ಹಾಗಾದರೆ ತಣ್ಣನೆಯ ನೀರು ಎತ್ತ ಹೋಗುತ್ತದೆ ಎಂದಷ್ಟೇ ನೋಡಿದರೆ ಸಾಕು. ಗಾಜು ಹಿಗ್ಗಲಿ, ಕುಗ್ಗಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಾಲೇಜಿನ ಭೌತಶಾಸ್ತ್ರದ ಪುಸ್ತಕಗಳಲ್ಲಿ ಈಗಲೂ ಕಾಣುವ ಹೋಪ್ ಉಪಕರಣ ಹೀಗಿದೆ. ಎತ್ತರದ ಒಂದು ಜಾಡಿ, ಅದರ ತಳದ ಬಳಿ ಒಂದು ಥರ್ಮಾಮೀಟರು, ಬಾಯಿಯ ಬಳಿ ಇನ್ನೊಂದು. ಜಾಡಿಯ ನಡುವಿಗೆ ಸುತ್ತಲೂ ತೊಟ್ಟಿಯೊಂದನ್ನು ಜೋಡಿಸಿ ಅದರಲ್ಲಿ ಮಂಜುಗಡ್ಡೆಯ ಚೂರು ಮತ್ತು ಉಪ್ಪನ್ನು ತುಂಬುತ್ತಾರೆ. ಜಾಡಿಯಲ್ಲಿ 12 ಡಿಗ್ರಿಯ ನೀರಿದೆ ಎನ್ನಿ. ನಡುವಿನ ನೀರು ತಣಿದು ದಟ್ಟವಾಗಿ ಕೆಳಗಿಳಿಯುತ್ತದೆ. ತಳದ ಥರ್ಮಾಮೀಟರು ಇಳಿಯತೊಡಗುತ್ತದೆ. 10, 8, 6, 5. ಮೇಲಿನದು ಇದ್ದಲ್ಲೇ ಇದೆ, ಅಲ್ಲಾಡುವುದಿಲ್ಲ. ತಳದ್ದು 4ಕ್ಕೆ ಬಂದು ನಿಂತುಬಿಡುತ್ತದೆ. ಮಂಜು ಇನ್ನೂ ಹೇರಳವಾಗಿದೆ, ನೀರು ಇನ್ನೂ ತಣಿಯುತ್ತಲೇ ಇದೆ, ಆದರೂ ತಳದ ಅಂಕಿ ಕದಲುತ್ತಿಲ್ಲ. ಈಗ ಮೇಲಿನ ಥರ್ಮಾಮೀಟರು ಸರಸರನೆ ಇಳಿಯತೊಡಗುತ್ತದೆ, 4ನ್ನು ದಾಟಿ ಕೆಳಗೆ ಹೋಗುತ್ತದೆ, 0 ಮುಟ್ಟುತ್ತದೆ, ಮೇಲ್ಮೈಯಲ್ಲಿ ಮಂಜಿನ ಪೊರೆ ಕಟ್ಟುತ್ತದೆ. 4 ಡಿಗ್ರಿಗಿಂತ ತಣ್ಣಗಾದ ನೀರು ಹಗುರಾಗಿ ಮೇಲೇರುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಎರಡು ಥರ್ಮಾಮೀಟರು, ಒಂದಿಷ್ಟು ಮಂಜು, ತಾಳ್ಮೆ ಇದ್ದರೆ ಹೈಸ್ಕೂಲಿನಲ್ಲೇ ಮಾಡಿ ತೋರಿಸಬಹುದು. ಮಕ್ಕಳಿಗೆ 4 ಡಿಗ್ರಿ ಎಂಬ ಅಂಕಿಯನ್ನು ಬಾಯಿಪಾಠ ಮಾಡಿಸುವ ಬದಲು ಆ ಥರ್ಮಾಮೀಟರು ನಿಂತುಬಿಡುವುದನ್ನು ಅವರ ಕಣ್ಣಿಗೆ ತೋರಿಸಬೇಕು.

ಕಾರಣ ನೀರಿನ ಅಣುವಿನ ಆಕಾರದಲ್ಲಿದೆ. ಮಂಜುಗಡ್ಡೆಯಲ್ಲಿ ಪ್ರತಿ ಅಣುವೂ ಸುತ್ತಲಿನ ನಾಲ್ಕು ಅಣುಗಳೊಡನೆ ಹೈಡ್ರೋಜನ್ ಬಂಧದಿಂದ, ನಿಶ್ಚಿತ ಕೋನದಲ್ಲಿ ಜೋಡಿಸಿಕೊಂಡಿರುತ್ತದೆ. ಅಂಗಳದಲ್ಲಿ ಗುಂಪಾಗಿ ನಿಂತ ಮಕ್ಕಳಿಗೆ ತೋಳು ಪೂರ್ತಿ ಚಾಚಿ ಅಕ್ಕಪಕ್ಕದವರ ಕೈ ಹಿಡಿಯಿರಿ ಎಂದರೆ ಅದೇ ಮಕ್ಕಳಿಗೆ ಎಷ್ಟು ಹೆಚ್ಚು ಜಾಗ ಬೇಕಾಗುತ್ತದೋ ಹಾಗೆ, ಈ ಜೋಡಣೆಯಲ್ಲಿ ನಡುನಡುವೆ ಖಾಲಿ ಜಾಗ ಉಳಿಯುತ್ತದೆ. ಆದ್ದರಿಂದ ಮಂಜುಗಡ್ಡೆ ಲೀಟರಿಗೆ 917 ಗ್ರಾಂ ಮಾತ್ರ. ಕರಗಿದಾಗ ಜೋಡಣೆ ಮುರಿದರೂ ಪೂರ್ತಿ ಮಾಯವಾಗುವುದಿಲ್ಲ, ತಣ್ಣನೆಯ ನೀರಿನಲ್ಲಿ ಅದರ ತುಣುಕುಗಳು ಕ್ಷಣಕ್ಷಣಕ್ಕೂ ಆಗುತ್ತ ಮುರಿಯುತ್ತ ಇರುತ್ತವೆ. ಕಾಯಿಸಿದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ತೆರಪಾದ ಜೋಡಣೆ ಕುಸಿದು ಗಾತ್ರ ಕಡಿಮೆಯಾಗುತ್ತದೆ, ಅಣುಗಳ ಕಂಪನ ಹೆಚ್ಚಿ ಗಾತ್ರ ಹೆಚ್ಚುತ್ತದೆ. 4 ಡಿಗ್ರಿಯವರೆಗೆ ಮೊದಲನೆಯದರ ಕೈ ಮೇಲು, ಆಮೇಲೆ ಎರಡನೆಯದರದು.

ಚಳಿ ದೇಶಗಳ ಸರೋವರಗಳು ತಳದಿಂದ ಹೆಪ್ಪುಗಟ್ಟದೆ ಮೇಲಿನಿಂದ ಹೆಪ್ಪುಗಟ್ಟುವುದೂ, ಕೆಳಗೆ 4 ಡಿಗ್ರಿಯ ನೀರಿನಲ್ಲಿ ಮೀನುಗಳು ಚಳಿಗಾಲ ಕಳೆಯುವುದೂ ಎಲ್ಲರೂ ಓದಿರುವ ವಿಷಯ. ಅಷ್ಟಾಗಿ ಯಾರೂ ಹೇಳದ ಇನ್ನೆರಡು ಸಂಗತಿಗಳಿವೆ.

ಮೊದಲನೆಯದು ಕಿಲೋಗ್ರಾಮಿನದು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮೆಟ್ರಿಕ್ ಪದ್ಧತಿ ರೂಪುಗೊಂಡಾಗ, 1795ರಲ್ಲಿ, ಮಂಜು ಕರಗುವ ಉಷ್ಣತೆಯಲ್ಲಿರುವ ಒಂದು ಘನ ಸೆಂಟಿಮೀಟರ್ ನೀರಿನ ತೂಕವೇ ಒಂದು ಗ್ರಾಂ ಎಂದು ಗೊತ್ತುಮಾಡಿದ್ದರು. 1799ರಲ್ಲಿ ಪ್ರಮಾಣದ ತೂಕವನ್ನು ನಿಜವಾಗಿ ನಿರ್ಧರಿಸುವ ಹೊತ್ತಿಗೆ ಫ್ರಾನ್ಸಿನ ವಿಜ್ಞಾನಿ ಲೆಫೆವ್ರ್-ಜಿನೋ ಮತ್ತು ಇಟಲಿಯ ಫಾಬ್ರೋನಿ ಅದನ್ನು ಬದಲಿಸಿ ನೀರು ಅತ್ಯಂತ ದಟ್ಟವಾಗಿರುವ ಉಷ್ಣತೆಯನ್ನು ಆರಿಸಿಕೊಂಡರು. ಇದು ಬಹಳ ವಿವೇಕದ ಆಯ್ಕೆ. ಏರಿಕೆ ಮುಗಿದು ಇಳಿಕೆ ಶುರುವಾಗುವ ಆ ಬಿಂದುವಿನ ಆಸುಪಾಸಿನಲ್ಲಿ ಸಾಂದ್ರತೆ ಹೆಚ್ಚುಕಡಿಮೆ ಸ್ಥಿರ. ಥರ್ಮಾಮೀಟರು ಅರ್ಧ ಡಿಗ್ರಿ ತಪ್ಪು ತೋರಿಸಿದರೂ ತೂಕದಲ್ಲಿ ಬರುವ ವ್ಯತ್ಯಾಸ ಹತ್ತು ಲಕ್ಷದಲ್ಲಿ ಎರಡು ಮೂರು ಪಾಲು, ಅಷ್ಟೆ.

ಎರಡನೆಯದು ನಮ್ಮ ಬಿಸಿಲಿನ ಕೆರೆಗಳದು. 4ರಿಂದ 6 ಡಿಗ್ರಿಗೆ ಕಾದರೆ ಲೀಟರ್ ನೀರಿನ ತೂಕ ಇಳಿಯುವುದು 0.03 ಗ್ರಾಂ. ಅದೇ 28ರಿಂದ 30 ಡಿಗ್ರಿಗೆ ಕಾದರೆ ಸುಮಾರು 0.6 ಗ್ರಾಂ, ಅಂದರೆ ಇಪ್ಪತ್ತು ಪಟ್ಟು. ನೀರು ಬಿಸಿಯಾದಷ್ಟೂ ಒಂದೊಂದು ಡಿಗ್ರಿಯ ಪರಿಣಾಮವೂ ಹೆಚ್ಚು. ಹೀಗಾಗಿ ಆಳವಾದ ಕೆರೆ, ಜಲಾಶಯಗಳಲ್ಲಿ ಮೇಲಿನ ನೀರು ತಳದ ನೀರಿಗಿಂತ ಬರೀ ಎರಡು ಮೂರು ಡಿಗ್ರಿ ಬಿಸಿಯಾಗಿದ್ದರೂ ಎರಡು ಪದರಗಳು ಗಟ್ಟಿಯಾಗಿ ಬೇರ್ಪಟ್ಟು ನಿಲ್ಲುತ್ತವೆ. ಚಳಿ ನಾಡಿನ ತಣ್ಣನೆಯ ಕೆರೆಯಲ್ಲಿ ಅಷ್ಟೇ ವ್ಯತ್ಯಾಸವನ್ನು ಒಂದು ಗಾಳಿ ಕಲಕಿ ಹಾಕಬಹುದು. ಇಲ್ಲಿ ಕಲಕಲು ಬಹಳ ಶಕ್ತಿ ಬೇಕು. ಮೇಲಿನ ಪದರ ಗಾಳಿಯಿಂದ ಆಮ್ಲಜನಕ ಪಡೆಯುತ್ತದೆ, ತಳಕ್ಕೆ ಅದು ಇಳಿಯುವುದಿಲ್ಲ. ಕೊಳಚೆ ಸೇರುವ ಕೆರೆಯಾದರೆ ತಳದಲ್ಲಿ ಕೊಳೆಯುವ ವಸ್ತು ಇದ್ದಬದ್ದ ಆಮ್ಲಜನಕವನ್ನೂ ಮುಗಿಸುತ್ತದೆ. ಆಮೇಲೆ ಒಂದು ದಿನ ಜೋರು ಮಳೆ ಬಂದು, ತಂಪಾದ ನೀರು ಮೇಲೆ ಬಿದ್ದು, ಪದರಗಳು ಒಮ್ಮೆಲೇ ಬೆರೆತರೆ ಉಸಿರಿಲ್ಲದ ತಳದ ನೀರು ಮೇಲೆ ಬರುತ್ತದೆ. ಕೆರೆಯ ಮೀನು ಸತ್ತಾಗ ಯಾರೋ ವಿಷ ಹಾಕಿದರು ಎಂದು ಹೊರಡುವ ಮೊದಲು ತಳದ ಉಷ್ಣತೆ ಮತ್ತು ಆಮ್ಲಜನಕದ ಅಳತೆಯನ್ನೂ ಕೇಳಿ ನೋಡಬೇಕು.

ಸಮುದ್ರಕ್ಕೆ 4 ಡಿಗ್ರಿಯ ಈ ವಿಶೇಷ ಇಲ್ಲ. ಉಪ್ಪು ಬೆರೆತ ನೀರು ಹೆಪ್ಪುಗಟ್ಟುವ ಸುಮಾರು ಮೈನಸ್ 1.9 ಡಿಗ್ರಿಯವರೆಗೂ ದಟ್ಟವಾಗುತ್ತಲೇ ಹೋಗುತ್ತದೆ. ಅದಕ್ಕೇ ಧ್ರುವದ ಬಳಿ ತಣಿದ ಉಪ್ಪುನೀರು ಸಾವಿರಾರು ಮೀಟರ್ ಆಳಕ್ಕೆ ಮುಳುಗಿ, ತಳದಲ್ಲೇ ಭೂಮಿಯ ಉದ್ದಗಲಕ್ಕೆ ಸಾಗುತ್ತದೆ. ಅದರ ಇನ್ನೊಂದು ಮುಖವೂ ಇದೆ: ಕಾದ ಸಮುದ್ರ ಎಲ್ಲಿಯೂ ಕುಗ್ಗುವುದಿಲ್ಲ, ಹಿಗ್ಗಿಯೇ ಹಿಗ್ಗುತ್ತದೆ. ಭೂಮಿಯ ಮೇಲೆ ನಾವು ಕೂಡಿಹಾಕುತ್ತಿರುವ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಸಮುದ್ರಕ್ಕೆ ಹೋಗುತ್ತಿದೆ. ಮೇಲಿನ 700 ಮೀಟರ್ ನೀರು ಸರಾಸರಿ ಒಂದು ಡಿಗ್ರಿ ಕಾದರೆ, ಪ್ರತಿ ಡಿಗ್ರಿಗೆ ಹತ್ತು ಸಾವಿರದಲ್ಲಿ 2 ಪಾಲು ಹಿಗ್ಗುತ್ತದೆಂದು ಹಿಡಿದರೂ, ಮಟ್ಟ 14 ಸೆಂಟಿಮೀಟರ್ ಏರಬೇಕು. ಹಿಗ್ಗುವ ನೀರಿಗೆ ಪಕ್ಕಕ್ಕೆ ಹೋಗಲು ದಾರಿಯಿಲ್ಲ, ಮೇಲಕ್ಕೇ ಬರಬೇಕು. ಉಷ್ಣವಲಯದ ಬೆಚ್ಚಗಿನ ಸಮುದ್ರದಲ್ಲಿ ಈ ಪ್ರಮಾಣ 3 ಪಾಲನ್ನೂ ದಾಟುತ್ತದೆ.

1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 1971ರ ನಂತರದ ಏರಿಕೆಯಲ್ಲಿ ಅರ್ಧದಷ್ಟು, ಒಂದು ಹನಿ ಹೊಸ ನೀರೂ ಸೇರದೆ, ಇದ್ದ ನೀರೇ ಕಾದು ಹಿಗ್ಗಿದ್ದರಿಂದ ಆದದ್ದು ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ಐಪಿಸಿಸಿಯ ಆರನೆಯ ವರದಿ ಲೆಕ್ಕ ಹಾಕಿದೆ. 2006ರಿಂದ ಈಚೆಗೆ ಹಿಮನದಿ ಮತ್ತು ಹಿಮಹಾಸುಗಳಿಂದ ಕರಗಿ ಬರುವ ನೀರಿನ ಪಾಲು ಅದನ್ನು ಮೀರಿದೆ.

ಹಿಗ್ಗಿದ ಪಾಲೆಷ್ಟು, ಕರಗಿ ಸೇರಿದ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ? ಡೇರಿಯ ಪರೀಕ್ಷಕರು ಬಿಸಿಯನ್ನೂ ನೀರನ್ನೂ ಬೇರ್ಪಡಿಸಲು ಪಡುವ ಪಾಡೇ ಇಲ್ಲಿಯೂ. ಇದಕ್ಕೆ ಮೂರು ಕಡೆಯಿಂದ ಅಳತೆ ನಡೆಯುತ್ತದೆ. 1992ರಲ್ಲಿ ಹಾರಿದ ಟೋಪೆಕ್ಸ್/ಪೊಸೈಡನ್‌ನಿಂದ ಮೊದಲ್ಗೊಂಡು ಒಂದರ ಹಿಂದೊಂದು ಉಪಗ್ರಹಗಳು ರೇಡಾರ್ ಬಳಸಿ ಸಮುದ್ರದ ಎತ್ತರವನ್ನು ಅಳೆಯುತ್ತಿವೆ. ಆ ಎತ್ತರದಲ್ಲಿ ಎರಡೂ ಪಾಲು ಸೇರಿರುತ್ತವೆ. 2002ರಲ್ಲಿ ಹಾರಿದ ಗ್ರೇಸ್ ಜೋಡಿ ಉಪಗ್ರಹಗಳು ಮತ್ತು 2018ರಲ್ಲಿ ಅವುಗಳ ಜಾಗಕ್ಕೆ ಬಂದ ಜೋಡಿ ಗುರುತ್ವಾಕರ್ಷಣೆಯ ಏರುಪೇರನ್ನು ಅಳೆಯುತ್ತವೆ. ಹಿಗ್ಗಿದ ಸಮುದ್ರದ ದ್ರವ್ಯರಾಶಿ ಬದಲಾಗಿಲ್ಲವಾದ್ದರಿಂದ ಅವಕ್ಕೆ ಕಾಣುವುದು ಹೊಸದಾಗಿ ಸೇರಿದ ನೀರು ಮಾತ್ರ. ಮೂರನೆಯದು ಆರ್ಗೋ. ಜಗತ್ತಿನ ಸಮುದ್ರಗಳಲ್ಲಿ ಚೆಲ್ಲಿರುವ ಸುಮಾರು 4000 ತೇಲು ಯಂತ್ರಗಳು ಅವು, ಭಾರತದ ಪರವಾಗಿ ಈ ಕೆಲಸ ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ. ಒಂದೊಂದು ಯಂತ್ರವೂ ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳಕ್ಕೆ ಹೋಗಿ, ಏರುವಾಗ ದಾರಿಯುದ್ದಕ್ಕೂ ಉಷ್ಣತೆ, ಉಪ್ಪಿನ ಅಂಶ, ಒತ್ತಡ ಮೂರನ್ನೂ ದಾಖಲಿಸಿ ಉಪಗ್ರಹಕ್ಕೆ ಕಳಿಸುತ್ತದೆ. ಈ ಮೂರರಿಂದ ಪ್ರತಿ ಪದರದ ಸಾಂದ್ರತೆಯನ್ನು ಲೆಕ್ಕ ಹಾಕುತ್ತಾರೆ, ಸಾಂದ್ರತೆ ಎಷ್ಟು ತಗ್ಗಿದೆಯೋ ಅದರಿಂದ ಹಿಗ್ಗಿದ ಎತ್ತರ ಸಿಗುತ್ತದೆ. ಅದಕ್ಕೆ ಗ್ರೇಸ್ ಕಂಡ ನೀರನ್ನು ಕೂಡಿಸಿದರೆ ಬರುವ ಮೊತ್ತ ರೇಡಾರ್ ಅಳೆದ ಎತ್ತರಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಯಾವ ಸಾಧನ ತಪ್ಪು ಹೇಳುತ್ತಿದೆ ಎಂದು ಹುಡುಕಲು ಕೂರುತ್ತಾರೆ.